ಪರನಾರೀಪುತ್ರರ ನಾಡಿನಲ್ಲಿ ಪೆಣ್ಬುಯ್ಯಲ್: ದಂಡಿನ ತಪ್ಪಿಗೆ ಹೊಣೆ ಯಾರು?

ವೀರಗಲ್ಲು ಅಂದ ಕೂಡಲೇ ಕಣ್ಮುಂದೆ ಬರೋದು ವೀರ. ಕತ್ತಿ ಹಿರಿದು ನಿಂತವನು, ಬಾಣ ತಾಗಿ ಬಿದ್ದವನು, ಅಪ್ಸರೆಯರ ನಡುವೆ ಕೂತು ಮೇಲಿನ ಲೋಕಕ್ಕೆ ಹೊರಟವನು. ಆದರೆ ಆ ಕಲ್ಲು ನೆಡುವ ಸಂದರ್ಭ ಯಾಕೆ ಬಂತು ಅಂತ ಕೇಳಿದರೆ ಕಥೆ ವೀರನಿಂದ ಶುರುವಾಗುವುದಿಲ್ಲ. ಊರಿಗೆ ನುಗ್ಗಿದವರಿಂದ ಶುರುವಾಗುತ್ತದೆ. ದನ ಹೊಡೆದುಕೊಂಡು ಹೋದರು, ಮನೆ ಸುಟ್ಟರು, ಹೆಂಗಸರ ಮೇಲೆ ಕೈ ಮಾಡಿದರು, ಸಿಕ್ಕವರನ್ನು ಸೆರೆ ಹಿಡಿದರು. ಆಮೇಲೆ ಒಬ್ಬ ಎದ್ದು ಹೋರಾಡಿ ಸತ್ತ. ಕಲ್ಲು ಸತ್ತವನ ಹೆಸರು ಉಳಿಸಿಕೊಂಡಿದೆ. ನುಗ್ಗಿದವರನ್ನು ಯಾರಾದರೂ ವಿಚಾರಿಸಿದರೇ? ಯುದ್ಧದಲ್ಲಿ ಆಯುಧ ಹಿಡಿಯದವರಿಗೆ, ಸೆರೆ ಸಿಕ್ಕವರಿಗೆ ಆದ ಅನ್ಯಾಯಕ್ಕೆ ಯಾರು, ಯಾರಿಗೆ, ಯಾವಾಗ ಉತ್ತರ ಕೊಟ್ಟರು? ಈ ಬರಹದಲ್ಲಿ ನಾನು ಹುಡುಕಹೊರಟಿರುವುದು ಇದನ್ನೇ.

ಹುಡುಕಾಟಕ್ಕೆ ನಾನು ಆರಿಸಿಕೊಂಡ ಸೀಮೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಇವತ್ತು ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ಆದರೆ ಜಿಲ್ಲೆ ಆದದ್ದೇ 1997ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾದದ್ದು ಇನ್ನೂ ಈಚೆಗೆ. ಹಾಗಾಗಿ ಇಲ್ಲಿನ ಶಾಸನ ನೋಡಬೇಕೆಂದರೆ ಎರಡು ಸಂಪುಟ ತೆಗೆಯಬೇಕು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರದ ಜೊತೆ ಹೊನ್ನಾಳಿ, ಚನ್ನಗಿರಿ ಸಿಗುತ್ತವೆ; ನ್ಯಾಮತಿಯ ಊರುಗಳು ಹೊನ್ನಾಳಿಯ ಲೆಕ್ಕದಲ್ಲೇ ಇವೆ. ಜಗಳೂರಿಗೆ ಚಿತ್ರದುರ್ಗದ 11ನೇ ಸಂಪುಟಕ್ಕೆ ಹೋಗಬೇಕು. ಹೀಗೆ ಎರಡಾಗಿ ಹಂಚಿಹೋದದ್ದು ರೈಸ್ ಕಾಲದ ಆಡಳಿತದಿಂದ ಮಾತ್ರ ಅಲ್ಲ. ಅದಕ್ಕೂ ಮೊದಲೇ ಇದು ಗಡಿ ಸೀಮೆ. ಪಡುವಣಕ್ಕೆ ಬನವಾಸಿ ಹನ್ನೆರಡು ಸಾವಿರ, ಮೂಡಣಕ್ಕೆ ನೊಳಂಬವಾಡಿ ಮೂವತ್ತೆರಡು ಸಾವಿರ. ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಬೆಳಗುತ್ತಿಯಲ್ಲಿ ಸಿಂದರು, ಜಗಳೂರಿನ ಮಗ್ಗುಲಿನ ಉಚ್ಚಂಗಿಯಲ್ಲಿ ಪಾಂಡ್ಯರು. ಗಡಿ ಇದ್ದಲ್ಲಿ ದಂಡು ಓಡಾಡುತ್ತದೆ, ದಂಡು ಓಡಾಡಿದಲ್ಲಿ ಕಲ್ಲು ನಿಲ್ಲುತ್ತದೆ.

ಆರೋಪದ ಮಾತುಗಳು

ಮೊದಲು ಪದಗಳನ್ನು ನೋಡೋಣ. ನಮ್ಮ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಪದಗಳಿವೆ. ತುರುಗೊಳ್: ತುರು ಅಂದರೆ ಆಕಳು, ಕೊಳ್ ಅಂದರೆ ಹಿಡಿದೊಯ್ಯುವುದು. ಊರಳಿವು: ಊರಿನ ಅಳಿವು, ಅಂದರೆ ಸೂರೆ, ಬೆಂಕಿ, ಕೊಲೆ ಎಲ್ಲವೂ ಒಟ್ಟಿಗೆ. ಮೂರನೆಯದು ಪೆಣ್ಬುಯ್ಯಲ್. ಪುಯ್ಯಲ್ ಅಂದರೆ ನೆರವಿಗಾಗಿ ಇಡುವ ಮೊರೆ. ನಾವು ಇಂದಿಗೂ ಹುಯಿಲು, ಹುಯಿಲೆಬ್ಬಿಸು ಅನ್ನುವುದು ಅದರ ಮುಂದುವರಿಕೆ. ಪೆಣ್ಬುಯ್ಯಲ್ ಅಂದರೆ ಹೆಂಗಸರ ಮೊರೆ. ಇದಕ್ಕಿಂತ ಬಿಚ್ಚಿ ಹೇಳುವ ಕಲ್ಲುಗಳೂ ಇವೆ. ಹೆಂಗಸರ ಉಡೆಯನ್ನು ಉರ್ಚಿದರು, ಅಂದರೆ ಸೊಂಟದ ಬಟ್ಟೆ ಎಳೆದರು ಎಂದೇ ಕೆತ್ತಿಸಿದವು. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಮತ್ತು ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' ಓದಿದವರಿಗೆ ಈ ಪದಗಳು ಹೊಸವಲ್ಲ.

ನನಗೆ ಮುಖ್ಯ ಅನ್ನಿಸೋದು ಇಷ್ಟು: ಇವು ಗುಟ್ಟಿನ ಮಾತುಗಳಲ್ಲ. ಊರ ಬಾಗಿಲಲ್ಲಿ, ಗುಡಿಯ ಮುಂದೆ, ಎಲ್ಲರೂ ಓದಲಿ ಅಂತ ನಿಲ್ಲಿಸಿದವು. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಮಾನ ಹೋಗುತ್ತೆ ಅಂತ ಮುಚ್ಚಿಡದೆ ಸಾವಿರ ವರ್ಷದ ಹಿಂದೆ ಊರವರು ಕಲ್ಲಿನಲ್ಲಿ ಬರೆಸಿದ್ದಾರೆ. ಮತ್ತೂ ಒಂದು ಸಂಗತಿ. ನುಗ್ಗಿದವರು ಅರಸನ ದಂಡಿನವರಾಗಲಿ, ಪಕ್ಕದ ಸೀಮೆಯ ನಾಯಕನ ಆಳುಗಳಾಗಲಿ, ಬರೀ ಕಳ್ಳರಾಗಲಿ, ಕಲ್ಲು ಬಳಸುವ ಪದ ಅದೇ. ದಂಡಿಗೆ ಬೇರೆ ನ್ಯಾಯ, ಕಳ್ಳನಿಗೆ ಬೇರೆ ನ್ಯಾಯ ಅಂತ ಊರಿನವರು ಭಾವಿಸಿರಲಿಲ್ಲ.

ಆದರೆ ಅದೇ ಕಲ್ಲಿನ ತಲೆಸಾಲು ಓದಿ. ಚಕ್ರವರ್ತಿಯ ವಿಜಯರಾಜ್ಯ ಉತ್ತರೋತ್ತರವಾಗಿ ಅಭಿವೃದ್ಧಿಯಾಗುತ್ತಿರಲು, ಅವನ ಪಾದಪದ್ಮೋಪಜೀವಿಯಾದ ಮಂಡಲೇಶ್ವರ ದುಷ್ಟನಿಗ್ರಹ ಶಿಷ್ಟಪ್ರತಿಪಾಲನೆ ಮಾಡುತ್ತ ಸುಖಸಂಕಥಾವಿನೋದದಿಂದ ಆಳುತ್ತಿರಲು ಅಂತ ಶುರುವಾಗುತ್ತದೆ. ನಾಲ್ಕು ಸಾಲು ಕೆಳಗೆ ಊರು ಉರಿಯುತ್ತಿದೆ. ಎಷ್ಟೋ ಸಲ ಉರಿ ಹಚ್ಚಿದವನೂ ಅದೇ ಚಕ್ರವರ್ತಿಗೆ ತಲೆಬಾಗುವ ಇನ್ನೊಬ್ಬ ಸಾಮಂತ. ಚಕ್ರವರ್ತಿಯ ಹೆಸರು ಕಲ್ಲಿನ ತುದಿಯಲ್ಲಿದೆ, ಅವನ ಹೊಣೆ ಕಲ್ಲಿನಲ್ಲಿ ಎಲ್ಲೂ ಇಲ್ಲ.

ಪರಿಹಾರ ಯಾರಿಗೆ?

ಪರಿಹಾರವೇ ಇರಲಿಲ್ಲ ಅನ್ನುವಂತಿಲ್ಲ. ಕಾದಿ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಚ್ಚು ಅಂತ ಅದಕ್ಕೆ ಬೇರೆ ಬೇರೆ ಹೆಸರು. ಗದ್ದೆ ಎಷ್ಟು, ಬೆದ್ದಲು ಎಷ್ಟು ಅಂತ ಅಳತೆ ಸಮೇತ ಬರೆದು, ಅಳುಪಿದವನಿಗೆ ಶಾಪ ಹಾಕಿ ಮುಗಿಸುವ ಕ್ರಮ. ಊರಿನ ಕೃತಜ್ಞತೆ ನಿಜವಾದದ್ದು, ಅದರಲ್ಲಿ ಅನುಮಾನ ಬೇಡ.

ಆದರೆ ಭೂಮಿ ಯಾರಿಗೆ ಬಂತು ನೋಡಿ. ಹೋರಾಡಿದವನ ಮಕ್ಕಳಿಗೆ. ಯಾರ ಮೊರೆ ಕೇಳಿ ಅವನು ಎದ್ದನೋ ಆ ಹೆಂಗಸಿಗೆ ಏನಾಯಿತು? ಸೆರೆ ಒಯ್ದವರು ತಿರುಗಿ ಬಂದರೇ? ನಾನು ಓದಿದ ಕಲ್ಲುಗಳಲ್ಲಿ ಅವರಿಗೆಂದು ಬಿಟ್ಟ ಒಂದು ಕಂಬ ಭೂಮಿಯೂ ಇಲ್ಲ, ಅವರ ಹೆಸರೂ ಇಲ್ಲ. ಕೊಟ್ಟದ್ದು ಊರು, ಅಥವಾ ಊರಿನ ಒಡೆಯ. ನುಗ್ಗಿದವನು ದಂಡ ತೆತ್ತು ಕೊಟ್ಟ ಭೂಮಿ ಅದಲ್ಲ. ಅಂದರೆ ತಪ್ಪಿನ ಖರ್ಚನ್ನೂ ತಪ್ಪಿಗೆ ಸಿಕ್ಕವರೇ ಹೊತ್ತರು.

ಒಂದೇ ಕೃತ್ಯ, ಎರಡು ಕಲ್ಲು

ಊರಿನ ಮಟ್ಟ ಬಿಟ್ಟು ಅರಸರ ಮಟ್ಟಕ್ಕೆ ಬರೋಣ. ಇದಕ್ಕೆ ಹೊನ್ನಾಳಿಯಿಂದ ಸ್ವಲ್ಪ ಬಡಗಣಕ್ಕೆ, ಈಗಿನ ಹಾವೇರಿ ಜಿಲ್ಲೆಯ ಹೊಟ್ಟೂರಿಗೆ ಹೋಗಬೇಕು. ಅಲ್ಲಿನ ಶಕ 929ರ (ಕ್ರಿ.ಶ. 1007) ಶಾಸನ ಚಾಳುಕ್ಯ ಸತ್ಯಾಶ್ರಯ ಇರಿವಬೆಡಂಗನ ಕಾಲದ್ದು. ದಂಡಿನ ದೌರ್ಜನ್ಯದ ಬಗ್ಗೆ ಕನ್ನಡ ಶಾಸನಗಳಲ್ಲಿ ಇದಕ್ಕಿಂತ ಹೆಚ್ಚು ಹೆಸರಾದದ್ದು ಇಲ್ಲ. ರಾಜರಾಜನ ಮಗ ರಾಜೇಂದ್ರ ಚೋಳ ಒಂಬತ್ತು ಲಕ್ಷ ಸೇನೆಯೊಂದಿಗೆ ಬಂದು ದೋಣವೂರಿನಲ್ಲಿ ಬೀಡುಬಿಟ್ಟು ನಾಡನ್ನೆಲ್ಲ ಸೂರೆ ಮಾಡಿದ, ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಲ್ಲಿಸಿದ, ಹೆಣ್ಣುಗಳನ್ನು ಹಿಡಿಸಿ ಜಾತಿ ಕೆಡಿಸಿದ ಎಂದು ಅದು ಪಟ್ಟಿ ಮಾಡುತ್ತದೆ. ಒಂಬತ್ತು ಲಕ್ಷ ಅನ್ನೋದು ಕವಿಗಣಿತ, ಬಿಡಿ. ಆದರೆ ಆರೋಪಪಟ್ಟಿಯ ಶಿಸ್ತು ಗಮನಿಸಿ: ಸೇನಾಪತಿಯ ಹೆಸರಿದೆ, ಜಾಗವಿದೆ, ಕೃತ್ಯಗಳು ಒಂದೊಂದಾಗಿ ಇವೆ. ತೀರ್ಪು ಮಾತ್ರ ಯುದ್ಧವೇ. ಸತ್ಯಾಶ್ರಯ ಅವನನ್ನು ಓಡಿಸಿ ಸಾಮಾನು ಸರಂಜಾಮು ಕಸಿದುಕೊಂಡ, ತಿಗುಳಮಾರಿ ಅನ್ನಿಸಿಕೊಂಡ. ಅಲ್ಲಿಗೆ ಮುಗಿಯಿತು.

ಈಗ ಆಚೆಯ ಕಲ್ಲು ನೋಡಿ. ರಾಜೇಂದ್ರನ ತಮಿಳು ಪ್ರಶಸ್ತಿಯಲ್ಲಿ ಎಡೆದೊರೆನಾಡು, ಬನವಾಸಿ, ಮಾನ್ಯಖೇಟ ಎಲ್ಲ ಗೆದ್ದ ನಾಡುಗಳ ಸಾಲಿನಲ್ಲಿ ಬರುತ್ತವೆ. ಒಂದು ಮೊರೆಯೂ ಕೇಳಿಸುವುದಿಲ್ಲ. ಅವನ ಮಗ ರಾಜಾಧಿರಾಜನಂತೂ ಕಲ್ಯಾಣವನ್ನು ಸುಟ್ಟು, ಅಲ್ಲಿಂದ ಒಂದು ದ್ವಾರಪಾಲಕ ವಿಗ್ರಹ ಹೊತ್ತು ತಂದ. ಕಲ್ಯಾಣಪುರ ಸುಟ್ಟು ತಂದದ್ದು ಅಂತ ಅದರ ಪೀಠದಲ್ಲೇ ಕೆತ್ತಿಸಿದ. ದಾರಾಸುರದಲ್ಲಿದ್ದ ಆ ವಿಗ್ರಹ ಈಗ ತಂಜಾವೂರಿನಲ್ಲಿದೆ. ಈಚೆ ಕಲ್ಲಿನಲ್ಲಿ ಪಾತಕ, ಆಚೆ ಕಲ್ಲಿನಲ್ಲಿ ಪರಾಕ್ರಮ.

ಹಾಗಂತ ಚೋಳರನ್ನು ದೂರಿ ನಾವು ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣ ಕಂಚಿ, ತಂಜಾವೂರುಗಳನ್ನು ಕೊಂಡವನು ಅಂತ ಬಿರುದು ಹೊತ್ತ. 'ಕೊಂಡ' ಅನ್ನುವ ಆ ಒಂದು ಪದದೊಳಗೆ ಅಲ್ಲಿನ ಬೀದಿಗಳಲ್ಲಿ ಏನೇನಾಯಿತು ಅನ್ನೋದು ಅಡಗಿ ಕೂತಿದೆ. ಅದನ್ನು ಬಿಡಿಸಿ ಹೇಳುವ ಕನ್ನಡ ಪ್ರಶಸ್ತಿ ನನ್ನ ಕಣ್ಣಿಗೆ ಬಿದ್ದಿಲ್ಲ. ತನ್ನ ದಂಡು ಇಂಥ ಊರಿನಲ್ಲಿ ಇಂಥ ಅನ್ಯಾಯ ಮಾಡಿತು, ಮಾಡಿದವರನ್ನು ಶಿಕ್ಷಿಸಿದೆ ಅಂತ ಗೆದ್ದ ಅರಸ ಬರೆಸಿದ ಕಲ್ಲೂ ಅಷ್ಟೆ.

ಹೊಣೆಗಾರಿಕೆಗೆ ಅತಿ ಹತ್ತಿರ ಬರುವುದು ಗದಗ ತಾಲ್ಲೂಕಿನ ಗಾವರವಾಡದ 1071–72ರ ಶಾಸನ. ಚೋಳ ಬೆಳ್ವೊಲಕ್ಕೆ ಬಂದು ಗುಡಿಗಳನ್ನು ಸುಟ್ಟ, ಗಂಗ ಪೆರ್ಮಾಡಿ ಕಟ್ಟಿಸಿದ ಬಸದಿಗಳನ್ನೂ ಕೆಡಿಸಿದ. ಆ ಪಾಪ ಕೈಮೇಲೆ ಫಲಿಸಿ ಸೋಮೇಶ್ವರನಿಗೆ ಯುದ್ಧದಲ್ಲಿ ತಲೆ ಒಪ್ಪಿಸಿದ ಎನ್ನುತ್ತದೆ ಆ ಕಲ್ಲು. 1054ರಲ್ಲಿ ಕೊಪ್ಪದ ರಣದಲ್ಲಿ ರಾಜಾಧಿರಾಜ ಸತ್ತದ್ದು ನಿಜ. ಶಾಸನಕಾರನಿಗೆ ಅದು ರಣದ ಸಾವಲ್ಲ, ಶಿಕ್ಷೆ. ಮುಂದೆ ಲಕ್ಷ್ಮರಸ ಬಸದಿಯನ್ನು ಎತ್ತಿ ನಿಲ್ಲಿಸಿದ ವಿವರ ಬರುತ್ತದೆ. ತಪ್ಪಿದೆ, ಫಲವಿದೆ, ದುರಸ್ತಿಯೂ ಇದೆ. ಆದರೆ ದುರಸ್ತಿಯಾದದ್ದು ಬಸದಿ.

ಬಿರುದಿನ ಮಾತು, ಬಿರುದಿನ ಸಾಲ

ಯುದ್ಧದಲ್ಲಿ ಹೀಗೆ ಮಾಡಬಾರದು ಅನ್ನುವ ಅರಿವೇ ಆ ಕಾಲಕ್ಕೆ ಇರಲಿಲ್ಲ, ನಾವು ಇಂದಿನ ಕಣ್ಣಿನಿಂದ ನೋಡುತ್ತಿದ್ದೇವೆ ಅನ್ನುವವರಿದ್ದಾರೆ. ಈ ವಾದವನ್ನು ಶಾಸನಗಳೇ ಒಪ್ಪುವುದಿಲ್ಲ. ನಮ್ಮ ಸಾಮಂತರ ಬಿರುದಾವಳಿ ತೆಗೆದು ನೋಡಿ. ಶರಣಾಗತವಜ್ರಪಂಜರ: ಮರೆಹೊಕ್ಕವರಿಗೆ ವಜ್ರದ ಪಂಜರದಂತೆ ಕಾವಲು. ಪರನಾರೀಪುತ್ರ, ಪರನಾರೀಸಹೋದರ: ಬೇರೆಯವರ ಹೆಂಡತಿಗೆ ಮಗನಂತೆ, ಒಡಹುಟ್ಟಿದವನಂತೆ ಇರುವವನು. ಇವು ಪೂಜಾರಿಗಳ ಬಿರುದಲ್ಲ, ಕತ್ತಿ ಹಿಡಿದವರ ಬಿರುದು. ಶರಣು ಅಂದವನನ್ನು, ಆಯುಧ ಬಿಟ್ಟವನನ್ನು, ಮಲಗಿದವನನ್ನು ಕೊಲ್ಲಬಾರದು ಅಂತ ಮನುಸ್ಮೃತಿಯ ಏಳನೆಯ ಅಧ್ಯಾಯವೂ ಹೇಳುತ್ತದೆ. ಅಂದರೆ ಕಟ್ಟಳೆ ಗೊತ್ತಿತ್ತು. ಎದೆ ಮೇಲೆ ಬರೆದುಕೊಂಡು ತಿರುಗುವಷ್ಟು ಗೊತ್ತಿತ್ತು.

ಕೆಲವರು ಅದನ್ನು ಪಾಲಿಸಿದ್ದೂ ಉಂಟು. ಬಾದಾಮಿಯ ಎರಡನೆಯ ವಿಕ್ರಮಾದಿತ್ಯ ಎಂಟನೆಯ ಶತಮಾನದಲ್ಲಿ ಕಂಚಿಯನ್ನು ಗೆದ್ದು, ಅಲ್ಲಿನ ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಮರಳಿ ಬಿಟ್ಟ. ಪಲ್ಲವರ ಗುಡಿಯೊಳಗೆ ಕನ್ನಡದಲ್ಲಿ ಬರೆಸಿದ ಆ ಶಾಸನ ಕಂಚಿಯ ಕೈಲಾಸನಾಥದಲ್ಲಿ ಇಂದಿಗೂ ಇದೆ. ಅವನ ಮಗನ ಕೆಂದೂರು ತಾಮ್ರಪಟವೂ ಕಂಚಿಯನ್ನು ನಾಶಮಾಡದೆ ಹೊಕ್ಕ ಅಂತ ಹೊಗಳುತ್ತದೆ. ಕೈ ತಡೆದದ್ದೇ ಕೀರ್ತಿಯಾದ ಅಪರೂಪದ ಉದಾಹರಣೆ ಇದು. ನಮ್ಮ ಜಗಳೂರು ಸೀಮೆಗೆ ಬಂದರೆ ಉಚ್ಚಂಗಿ ಇದೆ. 1177ರ ಸುಮಾರಿಗೆ ಹೊಯ್ಸಳ ಎರಡನೆಯ ಬಲ್ಲಾಳ ಆ ಬೆಟ್ಟದ ಕೋಟೆ ಹಿಡಿದ; ಪಾಂಡ್ಯ ಕಾಮದೇವ ಶರಣು ಬಂದಾಗ ರಾಜ್ಯವನ್ನು ತಿರುಗಿ ಕೊಟ್ಟ ಎಂದು ಶಾಸನ ಕೊಂಡಾಡುತ್ತದೆ. ಶರಣಾಗತವಜ್ರಪಂಜರ ಅನ್ನೋದು ಇಲ್ಲಿ ಬರೀ ಮಾತಾಗಿ ಉಳಿಯಲಿಲ್ಲ.

ಎರಡೂ ನೆಮ್ಮದಿ ತರುವ ಉದಾಹರಣೆಗಳೇ. ಆದರೆ ಉಳಿದದ್ದು ಯಾರು? ಒಂದು ಕಡೆ ದೇವರ ಒಡವೆ, ಇನ್ನೊಂದು ಕಡೆ ಅರಸ. ಕೋಟೆಯೊಳಗಿದ್ದ ಆಳುಗಳಿಗೆ, ಬೆಟ್ಟದ ಕೆಳಗಿನ ಹೊಲದವರಿಗೆ ಏನಾಯಿತು ಅನ್ನೋದು ಹೊಗಳಿಕೆಯ ವಿಷಯವೇ ಆಗಲಿಲ್ಲ.

ಒಂದು ಆಣೆ

ಹದಿನಾಲ್ಕನೆಯ ಶತಮಾನದಲ್ಲಿ ಒಮ್ಮೆ ಮಾತ್ರ ಸಾಮಾನ್ಯರ ಹೆಸರಿನಲ್ಲಿ ಆಣೆ ಮಾಡಿದ ಪ್ರಸಂಗ ಸಿಗುತ್ತದೆ. ಅದು ಕಲ್ಲಿನಲ್ಲಿಲ್ಲ, ಬಿಜಾಪುರದ ಆಸ್ಥಾನದಲ್ಲಿದ್ದು ಪರ್ಷಿಯನ್ನಿನಲ್ಲಿ ಇತಿಹಾಸ ಬರೆದ ಫಿರಿಶ್ತಾನಲ್ಲಿದೆ. 1366ರಲ್ಲಿ ವಿಜಯನಗರದ ಬುಕ್ಕರಾಯನ ದಂಡು ಮುದಗಲ್ಲು ಕೋಟೆ ಹಿಡಿದು ಒಳಗಿದ್ದವರನ್ನು ಹೆಂಗಸರು ಮಕ್ಕಳೆನ್ನದೆ ಕೊಂದಿತಂತೆ. ಅದಕ್ಕೆ ಬಹಮನಿ ಮಹಮ್ಮದ್ ಶಾಹ ಲಕ್ಷ ಜನರನ್ನು ಕೊಲ್ಲುವೆ ಅಂತ ಶಪಥ ಮಾಡಿ ಹಳ್ಳಿ ಹಳ್ಳಿಗಳನ್ನು ಬರಿದು ಮಾಡಿದ. ಕೊನೆಗೆ ವಿಜಯನಗರದ ರಾಯಭಾರಿಗಳು ಬಂದು, ಎರಡು ರಾಜ್ಯಗಳು ನೆರೆಹೊರೆಯವು, ಹೀಗೇ ನಡೆದರೆ ನಾಡೇ ಉಳಿಯೋದಿಲ್ಲ ಅಂತ ವಾದಿಸಿದರು. ಗೆದ್ದ ಮೇಲೆ ಶತ್ರುವನ್ನು ಕೊಲ್ಲುವುದಿಲ್ಲ, ಮುಂದಿನವರನ್ನೂ ಇದಕ್ಕೆ ಕಟ್ಟುಬೀಳಿಸುತ್ತೇನೆ ಅಂತ ಸುಲ್ತಾನ ಮಾತು ಕೊಟ್ಟ. ಅಂದಿನಿಂದ ಸೆರೆಯಾಳುಗಳನ್ನೂ ನಿರಾಯುಧ ಪ್ರಜೆಗಳನ್ನೂ ಕೊಲ್ಲದಿರುವುದು ದಖ್ಖನ್ನಿನ ರೂಢಿಯಾಯಿತು ಎಂದು ಫಿರಿಶ್ತಾ ಬರೆಯುತ್ತಾನೆ.

ಫಿರಿಶ್ತಾನ ಅಂಕಿಗಳನ್ನು ನಂಬಬೇಕಿಲ್ಲ. ಆ ರೂಢಿ ಉಳಿಯಲಿಲ್ಲ ಅನ್ನೋದಕ್ಕೂ ಅವನೇ ಸಾಕ್ಷಿ: ಅದೇ ವಂಶದ ಅಹಮದ್ ಶಾಹ 1423ರಲ್ಲಿ ವಿಜಯನಗರದ ನಾಡಿಗೆ ನುಗ್ಗಿದಾಗ, ಸತ್ತವರ ಎಣಿಕೆ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಮೂರು ದಿನ ತಂಗಿ ಹಬ್ಬ ಮಾಡಿದ ಎನ್ನುತ್ತಾನೆ. ಆದರೂ ಆ ಆಣೆಯ ತಿರುಳು ದೊಡ್ಡದು. ಇಲ್ಲಿ ಉಳಿಯಬೇಕಾದದ್ದು ಗುಡಿಯಲ್ಲ, ಅರಸನಲ್ಲ; ಆಯುಧವಿಲ್ಲದ ಒಕ್ಕಲು.

ಮತ್ತೆ ನಮ್ಮ ಸೀಮೆಗೆ: 1791–1800

ವೀರಗಲ್ಲು ನಿಲ್ಲಿಸುವ ರೂಢಿ ಕರಗಿ, ಕಾಗದ ಬಂದ ಕಾಲಕ್ಕೆ ಬರೋಣ. ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವೂವಿನ ಮರಾಠಾ ದಂಡು ಟಿಪ್ಪುವಿನ ನಾಡಿಗೆ ಬಂತು. 1791ರಲ್ಲಿ ಧಾರವಾಡದ ಕೋಟೆಯವರು ಷರತ್ತಿನ ಮೇಲೆ ಶರಣಾಗಿ ಹೊರಬಿದ್ದಾಗ ಅವರ ಮೇಲೆ ದಾಳಿಯಾಯಿತು. ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಗಾಯಗೊಂಡು ಸೆರೆಯಾದ. ಷರತ್ತು ಮೊದಲು ಮುರಿದವರು ಅವರೇ ಅಂತ ಮರಾಠರ ವಾದ. ಆ ವರ್ಷದ ಕೊನೆಗೆ ದಂಡು ಹೊಳೆಹೊನ್ನೂರು, ಶಿವಮೊಗ್ಗಕ್ಕೆ ಬಂದಾಗ, ಸೋತ ಕೋಟೆಯವರನ್ನು ಕಾಯುವ ಹೊಣೆ ಜೊತೆಗಿದ್ದ ಇಂಗ್ಲಿಷ್ ಕ್ಯಾಪ್ಟನ್ ಲಿಟಲ್‌ನ ತುಕಡಿಗೆ ಬಿತ್ತು. ಊರಿನವರನ್ನು ಕಾಯುವವರಿರಲಿಲ್ಲ. ಹತ್ತು ವರ್ಷದ ಮೇಲೆ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್, ಶಿವಮೊಗ್ಗ ಸೀಮೆಯಲ್ಲಿ ಹೆಂಗಸರನ್ನು ಕೆಡಿಸಿದ್ದು, ಹೊತ್ತೊಯ್ದದ್ದು, ಗಂಡಸರನ್ನು ಕೊಂದದ್ದು, ಉಳಿದವರು ಹಸಿವಿನಿಂದ ಸತ್ತದ್ದು ಎಲ್ಲವನ್ನೂ ಬರೆದಿಟ್ಟಿದ್ದಾನೆ. ಊರಳಿವು, ಪೆಣ್ಬುಯ್ಯಲ್, ಭಾಷೆ ಮಾತ್ರ ಇಂಗ್ಲಿಷ್.

ಅದೇ ದಂಡು ತುಂಗಾ-ಭದ್ರಾ ಕೂಡುವ ಕೂಡಲಿಯ ಮಠವನ್ನೂ ಸೂರೆ ಮಾಡಿ ಸುಟ್ಟಿತು. ಆದರೆ ಕೂಡಲಿಯ ಸ್ವಾಮಿಗಳು ಮರಾಠಾ ಬ್ರಾಹ್ಮಣರಿಗೇ ಗುರು. ಅವರು ಬಹಿಷ್ಕಾರದ ಬೆದರಿಕೆ ಹಾಕಿದರು. ಪೇಶ್ವೆ ನಾಲ್ಕು ಲಕ್ಷ ರೂಪಾಯಿ ಒಪ್ಪಿಸಿ ಸಮಾಧಾನ ಮಾಡಿದ ಎನ್ನುತ್ತಾನೆ ಬುಕಾನನ್. ಅದೇ ಯುದ್ಧದಲ್ಲಿ ಸೂರೆಯಾದ ಶೃಂಗೇರಿಯ ಕಡತಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಶಾರದೆಯ ಮರುಪ್ರತಿಷ್ಠೆಗೆ 200 ರಹತಿ ಕೊಡುವಂತೆ ಟಿಪ್ಪು ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ್ದು ಅವುಗಳಲ್ಲಿದೆ. ನಾನು ನೋಡಿದ ಮಟ್ಟಿಗೆ ದಂಡಿನ ಒಡೆಯ ತನ್ನ ದಂಡಿನ ತಪ್ಪಿಗೆ ದುಡ್ಡು ತೆತ್ತದ್ದು ಕೂಡಲಿಯಲ್ಲಿ ಮಾತ್ರ. ಯಾಕೆ ತೆತ್ತ? ನೊಂದವರ ಕೈಯಲ್ಲಿ ಅವನನ್ನು ಹೆದರಿಸುವ ಶಕ್ತಿ ಇತ್ತು. ಶಿವಮೊಗ್ಗದ ಹೆಂಗಸರ ಕೈಯಲ್ಲಿ ಅದು ಇರಲಿಲ್ಲ.

ಇನ್ನು 1799. ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಸೂರೆಯಾಗದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಮರುದಿನ ಪಟ್ಟಣದ ಹೊಣೆ ಹೊತ್ತ ಆರ್ಥರ್ ವೆಲ್ಲೆಸ್ಲಿ, ಲೂಟಿ ಮಾಡಿದ ಕೆಲವು ಸೈನಿಕರನ್ನು ನೇಣಿಗೆ ಹಾಕಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಬಂದೋಬಸ್ತು ಮಾಡಿದ. ಅಣ್ಣ ಗವರ್ನರ್ ಜನರಲ್‌ಗೆ ಬರೆದ ಪತ್ರದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಸ್ವಂತ ಸೈನಿಕನನ್ನು ಸ್ವಂತ ಸೇನಾಧಿಕಾರಿ ಶಿಕ್ಷಿಸಿದ್ದು ಹೊಸದು. ಆದರೆ ಅರಮನೆಯ ಖಜಾನೆಯನ್ನು ಅದೇ ಸೇನೆ ಬಹುಮಾನದ ಹಣ ಅಂತ ಹೆಸರಿಟ್ಟು ದರ್ಜೆ ಪ್ರಕಾರ ಹಂಚಿಕೊಂಡಿತು. ಹುಲಿ ಸಿಂಹಾಸನವನ್ನೇ ಒಡೆದು ಮಾರಿದರು. ಶಿಕ್ಷೆಯಾದದ್ದು ಅಪ್ಪಣೆ ಇಲ್ಲದ ಲೂಟಿಗೆ.

ಆ ದಿನದ ಗಲಿಬಿಲಿಯಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದವನೊಬ್ಬ ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್. ಒಂದು ವರ್ಷಕ್ಕೂ ಮಿಕ್ಕಿ ತುಂಗಭದ್ರೆಯ ಎರಡೂ ದಡದಲ್ಲಿ ದಂಡು ಕಟ್ಟಿ ಓಡಾಡಿದ. ಕೆಲವರಿಗೆ ಅವನು ಸೂರೆಗಾರ, ಕೆಲವರಿಗೆ ಕಂಪನಿಯನ್ನು ಎದುರಿಸಿದ ವೀರ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ವೆಲ್ಲೆಸ್ಲಿಯ ಕುದುರೆ ಪಡೆಗೆ ಸಿಕ್ಕಿ ಸತ್ತ. ಅವನ ಬೀಡಿನ ಸಾಮಾನುಗಳ ನಡುವೆ ಸಿಕ್ಕ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಸಾಕಿಸಿದ, 1805ರಲ್ಲಿ ದೇಶ ಬಿಡುವಾಗ ಅವನಿಗೆಂದು ಹಣವಿಟ್ಟು ಹೋದ. ಒಳ್ಳೆಯ ಕೆಲಸವೇ. ಆದರೆ ಕಾಮದೇವ ಪಾಂಡ್ಯನಂತೆ ಈ ಮಗುವೂ ನಾಯಕನ ಮನೆಯದು. ಕರುಣೆ ಹೆಸರಿದ್ದವರನ್ನು ಹುಡುಕಿಕೊಂಡು ಬರುತ್ತದೆ.

ಕಲ್ಲು ಕೊಡಲಾರದ್ದು

ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣೋದು ಇದು. ಕಟ್ಟಳೆ ನಮ್ಮಲ್ಲಿ ಮೊದಲಿನಿಂದ ಇತ್ತು, ಬಿರುದುಗಳೇ ಸಾಕ್ಷಿ. ಆರೋಪವೂ ಇತ್ತು, ವೀರಗಲ್ಲುಗಳೇ ಸಾಕ್ಷಿ. ಇಲ್ಲದೆ ಹೋದದ್ದು ಎರಡರ ನಡುವಿನ ಸೇತುವೆ: ಮೊರೆಯನ್ನು ಬಿರುದು ಹೊತ್ತವನ ಮುಂದೆ ತಂದು, ನಿನ್ನ ಆಳೇ ಇದನ್ನು ಮಾಡಿದ, ಉತ್ತರ ಕೊಡು ಎಂದು ಕೇಳುವ ಜಾಗ. ನೊಂದವನು ಅರಸನಾಗಿದ್ದರೆ, ಗುರುವಾಗಿದ್ದರೆ, ದೇವರಾಗಿದ್ದರೆ ಉತ್ತರ ಸಿಕ್ಕಿತು. ಉಳಿದವರಿಗೆ ಕಲ್ಲು ಸಿಕ್ಕಿತು, ಅದೂ ಬೇರೆಯವನ ಹೆಸರಿನಲ್ಲಿ.

ಆ ಸೇತುವೆ ಕಾಗದದ ಮೇಲೆ ಬಂದದ್ದು ನಮ್ಮ ಅಜ್ಜಂದಿರ ಕಾಲಕ್ಕೆ. 1949ರ ಜಿನೀವಾ ಒಪ್ಪಂದಗಳು ಸೆರೆಯಾಳು ಮತ್ತು ನಾಗರಿಕರ ರಕ್ಷಣೆಯನ್ನು ರಾಜ್ಯಗಳ ಹೊಣೆ ಮಾಡಿದವು. ಭಾರತ 1960ರಲ್ಲಿ ಅದಕ್ಕೊಂದು ಕಾಯಿದೆ ಮಾಡಿತು. ನಮ್ಮ 1950ರ ಸೇನಾ ಕಾಯಿದೆಯಲ್ಲಿ ಲೂಟಿಗಾಗಿ ಮನೆ ಹೊಗುವುದು ಸೈನಿಕನಿಗೆ ಶಿಕ್ಷಾರ್ಹ ಅಪರಾಧ. ಅದೇ ಹೊತ್ತಿಗೆ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆ ಜಾರಿಯಲ್ಲಿರುವ ಕಡೆ ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಸೇತುವೆ ಇದೆ, ಅದರ ಬಾಗಿಲಿಗೆ ಬೀಗವೂ ಇದೆ. ಕೀಲಿ ಇರುವುದು ದಂಡಿನ ಒಡೆಯನ ಬಳಿಯೇ.

ನೀವು ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಹಳ್ಳಿಗಳಿಗೆ ಹೋದಾಗ ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ ವಾಲಿ ನಿಂತ ವೀರಗಲ್ಲು ಕಾಣಬಹುದು. ಮೇಲಿನ ಪಟ್ಟಿಕೆಯ ಕೈಲಾಸವನ್ನೂ ನಡುವಿನ ಅಪ್ಸರೆಯರನ್ನೂ ಎಲ್ಲರೂ ಫೋಟೊ ತೆಗೆಯುತ್ತಾರೆ. ಮೊದಲು ಕೆಳಗಿನ ಪಟ್ಟಿಕೆಗೆ ಬಗ್ಗಿ ನೋಡಿ, ಮಣ್ಣು ಮುಚ್ಚಿದ್ದರೆ ಮೆಲ್ಲಗೆ ಸರಿಸಿ. ಅಕ್ಷರ ಉಳಿದಿದ್ದರೆ ಪೆಣ್ಬುಯ್ಯಲ್, ಊರಳಿವು ಅನ್ನುವ ಪದ ಇದೆಯೇ ಹುಡುಕಿ. ಸಿಕ್ಕರೆ, ಅದು ವೀರನ ಕಥೆಯ ಪೀಠಿಕೆ ಅಂತ ಓದಿ ಮುಂದೆ ಹೋಗಬೇಡಿ. ಅದು ಸಾವಿರ ವರ್ಷದಿಂದ ವಿಚಾರಣೆಗೆ ಕಾದಿರುವ ಒಂದು ದೂರು.